ಕೆಂಚವ್ವನ ಹುತ್ತ ಮತ್ತು ಬಿಳಿ ಕೊಡೆ

ಕೆಂಚವ್ವನಿಂದ ಆಗುವುದಿಲ್ಲ ಎಂದು ಮೊದಲು ಹೇಳಿದವಳು ಗೊದ್ದದ ನಂಜವ್ವ.

ಎರಡನೆಯದು ಕಾಜಾಣ ಹಕ್ಕಿ. ಮೂರನೆಯದು ಗಾಳಿ. ಗಾಳಿಗೆ ಸ್ವಂತ ಮಾತು ಕಡಿಮೆ. ಯಾರು ಏನು ಅಂದರೂ ಅದನ್ನೇ ಹೊತ್ತುಕೊಂಡು ತಿರುಗುವುದು ಅದರ ಸ್ವಭಾವ. ಹಾಗಾಗಿ ಸಂಜೆಯ ಹೊತ್ತಿಗೆ ಕಾಡಿನ ತುಂಬ ಒಂದೇ ಮಾತು ಓಡಾಡುತ್ತಿತ್ತು: ಕೆಂಚವ್ವನಿಂದ ಆಗುವುದಿಲ್ಲ.

ಇದು ಲೋಕ ಇನ್ನೂ ಹಸಿಯಾಗಿದ್ದ ಕಾಲದ ಮಾತು. ಬೆಟ್ಟದ ಮೇಲೆ ಕೈಯಿಟ್ಟರೆ ಬೆರಳಿನ ಗುರುತು ಬೀಳುತ್ತಿತ್ತು. ಯಾವ ಕಡೆ ಹರಿಯೋಣ ಎಂದು ಹೊಳೆಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ವರ್ಷಗಳಿಗೂ ಸರಿಯಾದ ಅಳತೆ ಬಂದಿರಲಿಲ್ಲ, ಈಗಿನ ವರ್ಷಕ್ಕಿಂತ ಬಹಳ ಉದ್ದವಾಗಿದ್ದವು.

ಆ ಕಾಲದಲ್ಲಿ ಮರಗಳು ಹುಟ್ಟುತ್ತಿದ್ದವು, ಬೆಳೆಯುತ್ತಿದ್ದವು, ಸಾಯುತ್ತಿದ್ದವು. ಆದರೆ ಕೊಳೆಯುತ್ತಿರಲಿಲ್ಲ. ಬಿದ್ದ ಮರ ಬಿದ್ದಲ್ಲೇ ಇರುತ್ತಿತ್ತು. ಅದರ ಮೇಲೆ ಇನ್ನೊಂದು ಬೀಳುತ್ತಿತ್ತು, ಅದರ ಮೇಲೆ ಮತ್ತೊಂದು. ಕಾಡೆಲ್ಲ ಒಣಮರದ ಒಟ್ಟಿಲಾಯಿತು. ಬೀಜಗಳು ಉದುರಿ, ಒಣಗಿದ ದಿಮ್ಮಿಯ ಮೇಲೆ ಕೂತು, ಮಣ್ಣು ಸಿಗದೆ ಅಲ್ಲೇ ಸುಕ್ಕಾಗುತ್ತಿದ್ದವು.

ಕೊನೆಗೆ ಭೂಮಿತಾಯಿ ಎಲ್ಲರನ್ನೂ ಒಂದು ಮತ್ತಿಮರದ ಬಳಿಗೆ ಕರೆದಳು. ಆ ಮರ ಸತ್ತು, ಉರುಳಿ, ದಾರಿಗೆ ಅಡ್ಡ ಮಲಗಿತ್ತು. ನಾಲ್ಕು ಆನೆ ಸಾಲಾಗಿ ನಿಂತಷ್ಟು ಉದ್ದ.

"ಕೇಳಿ," ಎಂದಳು ಭೂಮಿತಾಯಿ. "ಬದುಕಿರುವಾಗ ಮರ ನನ್ನ ಸಾರ ಹೀರುತ್ತದೆ. ಬೇಡ ಎಂದು ನಾನು ಯಾವತ್ತೂ ಅಂದಿಲ್ಲ. ಸತ್ತ ಮೇಲಾದರೂ ಅದು ನನಗೆ ತಿರುಗಿ ಬರಬೇಕು ತಾನೆ? ಒಂದೂ ಬರುತ್ತಿಲ್ಲ. ಕೊಟ್ಟು ಕೊಟ್ಟು ನನ್ನ ಮೈ ಸವೆದುಹೋಯಿತು. ಈ ಮತ್ತಿಮರವನ್ನು ಮಣ್ಣು ಮಾಡಿ ಕೊಡುವವರಿಗೆ ಅದರ ಬುಡದ ನೆಲ ಬಿಟ್ಟುಕೊಡುತ್ತೇನೆ. ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಅವರದೇ."

ಆನೆ ಬಂದು ತಳ್ಳಿತು. ಮರ ಮಗ್ಗುಲು ಬದಲಿಸಿತು, ಅಷ್ಟೆ. ಮರಕುಟಿಗ ಬಂದು ಒಂದು ತೂತು ಕೊರೆದು, ಒಳಗೆ ಇಣುಕಿ, "ಯಾರೂ ಇಲ್ಲ" ಎಂದು ಹಾರಿಹೋಯಿತು. ಕಪ್ಪು ಇರುವೆಗಳಲ್ಲಿ ದೊಡ್ಡ ಜಾತಿಯೆಂದರೆ ಗೊದ್ದ. ಆ ಗೊದ್ದಗಳ ಹಿರಿಯಳು ನಂಜವ್ವ. ಅವಳು ದಿಮ್ಮಿಯ ತುದಿಯನ್ನು ಒಂದು ಸಲ ಕಚ್ಚಿ ನೋಡಿ ಉಗುಳಿದಳು. "ರಸವಿಲ್ಲ, ರುಚಿಯಿಲ್ಲ. ಇದನ್ನು ತಿಂದು ಬದುಕೋ ಪ್ರಾಣಿ ಹುಟ್ಟಿಲ್ಲ ತಾಯಿ, ಹುಟ್ಟೋದೂ ಇಲ್ಲ."

ಆಗ ಹುಲ್ಲಿನ ನಡುವಿನಿಂದ ಒಂದು ದನಿ ಬಂತು. "ನಾನು ಮಾಡ್ತೀನಿ."

ಎಲ್ಲರೂ ತಿರುಗಿ ನೋಡಿದರು. ಕೆಂಚವ್ವ ನಿಂತಿದ್ದಳು. ಕೆಂಚವ್ವ ಎಂದರೆ ಮೊಟ್ಟಮೊದಲ ಗೆದ್ದಲು. ಬೆರಳ ತುದಿಯಷ್ಟು ಕಂದು ಮೈ, ಆ ಮೈಗೆ ಎರಡರಷ್ಟು ಉದ್ದದ ನಾಲ್ಕು ರೆಕ್ಕೆ. ರೆಕ್ಕೆ ಉದ್ದವೇ ಹೊರತು ಹಾರಾಟ ಅಷ್ಟಕ್ಕಷ್ಟೆ. ಹುಟ್ಟಿದ ಮೇಲೆ ಒಂದೇ ಒಂದು ಸಂಜೆ ಹಾರಿದ್ದಳು. ಮಳೆ ನಿಂತ ಆ ಸಂಜೆ ಆಕಾಶ ತೊಳೆದ ತಟ್ಟೆಯ ಹಾಗಿತ್ತು. ಅದನ್ನು ನೆನೆಸಿಕೊಂಡರೆ ಅವಳಿಗೆ ಈಗಲೂ ಮೈ ಹಗುರಾಗುತ್ತಿತ್ತು.

"ಅಯ್ಯೋ ನಮ್ಮವ್ವ!" ಎಂದಳು ನಂಜವ್ವ. "ಗಾಳಿ ಉಫ್ ಅಂದ್ರೆ ನಾಲ್ಕು ಮರದಾಚೆ ಬೀಳ್ತೀಯ. ನೀನು ಇದನ್ನ ಮಣ್ಣು ಮಾಡ್ತೀಯಾ?"

"ಬೀಳ್ತೀನಿ. ಬಿದ್ದಲ್ಲಿಂದ ನಡ್ಕೊಂಡು ಬರ್ತೀನಿ."

"ಬಾಯಲ್ಲಿ ಹಲ್ಲಾದರೂ ಇದೆಯೇನೇ?"

"ಇದೆ. ನಿನ್ನಷ್ಟು ದೊಡ್ಡದಿಲ್ಲ. ಅದಕ್ಕೇ ಬರೀ ಮಾತಿಗೆ ಅಂತ ಸವೆಸಲ್ಲ."

ಮರದ ಮೇಲಿದ್ದ ಕಾಜಾಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಂಜವ್ವನಿಗೆ ಮೈಯೆಲ್ಲ ಉರಿಯಿತು.

"ತಾಯಿ, ಮುಂದಿನ ವರ್ಷದ ರೋಹಿಣಿ ಮಳೆವರೆಗೂ ಇವಳಿಗೆ ಗಡುವು ಕೊಡು. ಇವಳ ಕೈಲಿ ಆಗಲಿಲ್ಲ ಅಂದ್ರೆ ಆ ನೆಲ ನಂದು. ನೆಲದ ಜೊತೆಗೆ ಇವಳೂ ಇವಳ ಮಕ್ಕಳೂ ನನ್ನ ಉಗ್ರಾಣಕ್ಕೆ. ಒಪ್ತಾಳಾ ಕೇಳು."

ಭೂಮಿತಾಯಿ ಕೆಂಚವ್ವನ ಮುಖ ನೋಡಿದಳು.

"ಒಪ್ಪಿಗೆ," ಎಂದಳು ಕೆಂಚವ್ವ.

ಭೂಮಿತಾಯಿ ಮತ್ತಿಮರದ ಬುಡದಲ್ಲಿ ಸಣ್ಣ ಬಿರುಕೊಂದನ್ನು ತೆರೆದಳು. ಕೆಂಚವ್ವ ತಲೆ ತೂರಿಸಿದಳು, ಎದೆ ತೂರಿಸಿದಳು. ರೆಕ್ಕೆ ಸಿಕ್ಕಿಕೊಂಡಿತು. ಹಿಂದಕ್ಕೆ ಬಂದು ಮತ್ತೆ ನುಗ್ಗಿದಳು. ಮತ್ತೆ ಸಿಕ್ಕಿಕೊಂಡಿತು.

"ಬಾಗಿಲು ಇನ್ನು ಸ್ವಲ್ಪ ಅಗಲ ಮಾಡು ತಾಯಿ."

"ಅಗಲ ಮಾಡಿದರೆ ನಿನ್ನ ಹಿಂದೆ ಗೊದ್ದವೂ ಬರುತ್ತದೆ," ಎಂದಳು ಭೂಮಿತಾಯಿ. "ರೆಕ್ಕೆ ಬಿಟ್ಟು ಹೋಗು. ಆದರೆ ಯೋಚನೆ ಮಾಡಿ ಬಿಡು. ಒಂದು ಸಲ ಕಳಚಿದರೆ ಮತ್ತೆ ಹುಟ್ಟುವುದಿಲ್ಲ."

ಕೆಂಚವ್ವ ಒಂದು ಸಲ ತಲೆಯೆತ್ತಿ ನೋಡಿದಳು. ಆಮೇಲೆ ರೆಕ್ಕೆಯ ಬುಡವನ್ನು ಕಲ್ಲಿಗೆ ಒತ್ತಿ ಮೈ ಹೊರಳಿಸಿದಳು. ಟಕ್ ಎಂದಿತು. ಇನ್ನೊಂದು. ಮತ್ತೊಂದು. ನಾಲ್ಕೂ ಕಲ್ಲಿನ ಪಕ್ಕ ಬಿದ್ದವು. ಅಳಲಿಲ್ಲ. ಅಳುವುದನ್ನು ನೋಡಲು ನಂಜವ್ವ ಅಲ್ಲೇ ಕಾದು ನಿಂತಿದ್ದಳಲ್ಲ.

ಅಷ್ಟರಲ್ಲಿ ಅವಳ ಹಿಂದೆ ಮತ್ತೆ ನಾಲ್ಕು ಸಲ ಟಕ್ ಟಕ್ ಎಂದಿತು. ತಿರುಗಿ ನೋಡಿದರೆ ಅವಳ ಗಂಡ ಮುದ್ದಯ್ಯ. ಮೆತ್ತನೆ ಮನುಷ್ಯ. ಮಾತು ಕಡಿಮೆ, ಊಟ ಜಾಸ್ತಿ.

"ನೀನು ಯಾಕೆ ಕಳಚಿದೆ? ಪಣ ಕಟ್ಟಿದ್ದು ನಾನು."

"ಇರಲಿ ಬಿಡೆ," ಎಂದ ಮುದ್ದಯ್ಯ. "ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ."

ಇಬ್ಬರೂ ಒಳಗೆ ಹೋದರು. ಕೆಂಚವ್ವ ಎಂಜಲಲ್ಲಿ ಮಣ್ಣು ಕಲಸಿ ಬಾಗಿಲು ಮುಚ್ಚಿದಳು. ಹೊರಗೆ ಎಂಟು ರೆಕ್ಕೆಗಳನ್ನು ಗಾಳಿ ಎತ್ತಿಕೊಂಡು ಹೋಯಿತು.

ಒಳಗೆ ಕಗ್ಗತ್ತಲು. ಇಬ್ಬರೂ ಸೇರಿ ಅಡಕೆಯಷ್ಟು ದೊಡ್ಡದೊಂದು ಕೋಣೆ ತೋಡಿದರು. ಅಲ್ಲಿ ಕೆಂಚವ್ವ ಮೊದಲ ಮೊಟ್ಟೆಗಳನ್ನಿಟ್ಟಳು. ನಲವತ್ತು ಮಕ್ಕಳಾದವು. ಅಕ್ಕಿಯ ನುಚ್ಚಿನಷ್ಟು ಗಾತ್ರ, ಬಿಳಿ ಮೈ, ಕಣ್ಣಿಲ್ಲ. ಕೊಡಲು ಮನೆಯಲ್ಲಿ ಏನೂ ಇರಲಿಲ್ಲ. ರೆಕ್ಕೆ ಬಡಿಯಲೆಂದು ಎದೆಯಲ್ಲಿ ಗಟ್ಟಿ ಮಾಂಸವೊಂದಿತ್ತು. ರೆಕ್ಕೆಯೇ ಇಲ್ಲದ ಮೇಲೆ ಅದು ಯಾತಕ್ಕೆ? ಕೆಂಚವ್ವ ಅದನ್ನು ಒಳಗೊಳಗೇ ಕರಗಿಸಿ ಮಕ್ಕಳ ಬಾಯಿಗೆ ಗುಟುಕಿಟ್ಟಳು. ಹಾರಿದ ಮೈಯನ್ನು ಮಕ್ಕಳು ಉಂಡು ಬೆಳೆದರು.

ಬೆಳೆದ ಮಕ್ಕಳು ಕೆಲಸಕ್ಕೆ ನಿಂತರು. ಅವರ ಚರ್ಮ ಬಹಳ ತೆಳು, ಬಿಸಿಲು ತಾಕಿದರೆ ಒಣಗಿಬಿಡುವಂಥದು. ಹೊರಗೆ ನಂಜವ್ವನ ಕಡೆಯವರು ಬೇರೆ ಕಾದಿದ್ದರು. ಅದಕ್ಕೆ ಕೆಂಚವ್ವ ಒಂದು ಕಟ್ಟಳೆ ಮಾಡಿದಳು. "ಬಯಲಲ್ಲಿ ಒಂದು ಹೆಜ್ಜೆಯನ್ನೂ ಇಡಬೇಡಿ. ಎಲ್ಲಿ ಹೋಗಬೇಕೋ ಅಲ್ಲಿಯವರೆಗೂ ಮಣ್ಣಿನ ಸೂರು ಕಟ್ಟಿಕೊಂಡು ಹೋಗಿ." ಮಕ್ಕಳು ಹಾಗೇ ಮಾಡಿದರು. ಬುಡದಿಂದ ದಿಮ್ಮಿಯವರೆಗೆ ಬೆರಳಗಲದ ಮಣ್ಣಿನ ಓಣಿ ಹಬ್ಬಿತು.

ಓಣಿಯಲ್ಲಿ ಹೋದರು, ಮರ ಕೊರೆದರು, ತಿಂದರು, ಬಂದರು. ಹೋದರು, ಕೊರೆದರು, ತಿಂದರು, ಬಂದರು.

ಆದರೆ ಒಂದು ವಿಚಿತ್ರವಾಯಿತು. ಮಕ್ಕಳ ಹೊಟ್ಟೆ ತುಂಬುತ್ತಿತ್ತು, ಮೈ ತುಂಬುತ್ತಿರಲಿಲ್ಲ. ತಿಂದ ಮರ ತಿಂದ ಹಾಗೇ ಗುಳಿಗೆ ಗುಳಿಗೆಯಾಗಿ ಹೊರಬರುತ್ತಿತ್ತು. ಮರದ ಗಟ್ಟಿ ನಾರು ಯಾರ ಹೊಟ್ಟೆಗೂ ಬಗ್ಗುತ್ತಿರಲಿಲ್ಲ.

"ಅವ್ವ, ಎಷ್ಟು ತಿಂದರೂ ಹಸಿವು," ಎನ್ನುತ್ತಿದ್ದರು ಮಕ್ಕಳು.

"ಇನ್ನೂ ತಿನ್ನಿ," ಎನ್ನುತ್ತಿದ್ದಳು ಕೆಂಚವ್ವ.

ಒಂಬತ್ತು ಮಕ್ಕಳು ಹೊಟ್ಟೆ ತುಂಬಿಕೊಂಡೇ ಸತ್ತವು.

ನಂಜವ್ವ ದಿನಾ ಗೋಡೆಯಾಚೆ ಬಂದು ಕಿವಿಗೊಟ್ಟು ಕೇಳುತ್ತಿದ್ದಳು. "ಕೆಂಚವ್ವಾ! ಒಳಗೆ ಸದ್ದು ಕಮ್ಮಿಯಾದಂಗದೆ! ಉಳಿದವರನ್ನ ಚೆನ್ನಾಗಿ ಸಾಕವ್ವ, ನಾಳೆ ಬರೋರು ನಾವು ತಾನೆ!"

ಸಂಕಟವಾದಾಗ ಕೆಂಚವ್ವನಿಗೆ ಗೊತ್ತಿದ್ದದ್ದು ಒಂದೇ ಕೆಲಸ. ಮನೆ ಉಜ್ಜುವುದು. ನೆಲ ನೆಕ್ಕಿ ನೆಕ್ಕಿ ಕನ್ನಡಿ ಮಾಡುತ್ತಿದ್ದಳು. ಹಿಂದಿನ ಕೋಣೆಯೊಂದೇ ಅವಳಿಗೆ ತಲೆನೋವು. ಮಕ್ಕಳು ಹಾಕಿದ ಮರದ ಗುಳಿಗೆಗಳನ್ನು ಅಲ್ಲಿ ಒಟ್ಟುತ್ತಿದ್ದರು. ಒಟ್ಟಿದ ಎರಡೇ ದಿನಕ್ಕೆ ಅದರ ಮೇಲೆ ಬೆಳ್ಳಗೆ ಬೂಷ್ಟು ಹಿಡಿಯುತ್ತಿತ್ತು. ಹೊರಗೆ ಹೋಗಿ ಬಂದ ಯಾವ ಮಗುವಿನ ಕಾಲಿಗೆ ಅಂಟಿಕೊಂಡು ಬಂದಿತ್ತೋ ಏನೋ.

"ನನ್ನ ಮನೆಯಲ್ಲಿ ಬೂಷ್ಟೇ!" ಎಂದು ಕೆಂಚವ್ವ ಕೆಂಡವಾದಳು. "ಬೂಷ್ಟು ಹಿಡಿಸಿದ ಮನೆಯವಳು ಅಂತ ನಂಜವ್ವನ ಬಾಯಲ್ಲಿ ಅನ್ನಿಸಿಕೊಳ್ಳಲೇ?"

ದಿನಾ ಬೆಳಿಗ್ಗೆ ಉಜ್ಜಿ ಕೆರೆದು ಉಂಡೆ ಮಾಡಿ ಮುದ್ದಯ್ಯನ ಕೈಗೆ ಕೊಡುತ್ತಿದ್ದಳು. "ಹೊರಗೆ ಹಾಕು."

ಮುದ್ದಯ್ಯ "ಹೂಂ" ಎಂದು ತೆಗೆದುಕೊಂಡು ಹೋಗುತ್ತಿದ್ದ.

ಮಾರನೆಯ ದಿನ ಮತ್ತೆ ಬೂಷ್ಟು. ಮತ್ತೆ ಉಜ್ಜುವುದು. ಮತ್ತೆ "ಹೊರಗೆ ಹಾಕು." ಮತ್ತೆ "ಹೂಂ."

ಹೀಗೆ ನಲವತ್ತು ದಿನ ನಡೆಯಿತು. ಮಕ್ಕಳು ಕಡ್ಡಿಯಾದವು. ಕೆಂಚವ್ವ ಸಿಪ್ಪೆಯಾದಳು. ಮುದ್ದಯ್ಯ ಮಾತ್ರ ಉಬ್ಬಿದ. ಓಣಿಯಲ್ಲಿ ಎದುರಿಗೆ ಬಂದರೆ ಇಬ್ಬರು ಮಕ್ಕಳು ಹಿಂದಕ್ಕೆ ಸರಿಯಬೇಕಾಗುತ್ತಿತ್ತು. ಕತ್ತಲಲ್ಲಿ ಕಾಣುವಂತಿರಲಿಲ್ಲ. ಒಂದು ದಿನ ಕೆಂಚವ್ವ ಅವನ ಮೈಮೇಲೆ ಕೈಯಾಡಿಸಿದಳು, ಆಗ ತಿಳಿಯಿತು.

"ಇದೇನು? ಹೊಟ್ಟೆ ಇಷ್ಟು ದಪ್ಪ!"

ಮುದ್ದಯ್ಯ ಹಿಂದಕ್ಕೆ ಸರಿದ.

"ಮಕ್ಕಳ ಬಾಯಿಂದ ಕಿತ್ತು ತಿಂದೆಯಾ? ಹೇಳು! ಒಂಬತ್ತು ಮಕ್ಕಳನ್ನು ನಾನು ಮಣ್ಣಲ್ಲಿಟ್ಟಿದ್ದೀನಿ. ಬಾಯಿ ಬಿಡು!"

"ಮಕ್ಕಳದಲ್ಲ ಕಣೆ. ನೀನು ಕೊಡ್ತಿದ್ದೆಯಲ್ಲ, ಅದೇ."

"ನಾನು ಏನು ಕೊಟ್ಟೆ?"

"ಬೂಷ್ಟು. ಹೊರಗೆ ಹಾಕು ಅಂತಿದ್ದೆ. ಹೊರಗೆ ಗೊದ್ದ ಕಾದು ಕೂತಿರ್ತಿತ್ತು. ಹೆದರಿಕೆ ಆಯ್ತು. ನಿನಗೆ ಹೇಳೋಕೂ ಹೆದರಿಕೆ. ಅದಕ್ಕೇ ಹೊರಗೆ ಹಾಕದೆ ಒಳಗೆ ಹಾಕ್ಕೊಂಡೆ."

"ತಿಂದೆಯಾ?"

"ಮೊದಲ ದಿನ ಹೇಸಿಗೆ ಆಯ್ತು. ಎರಡನೇ ದಿನದಿಂದ ರುಚಿ ಹತ್ತಿತು. ನೀನು ಇನ್ನೂ ಜಾಸ್ತಿ ಉಜ್ಜಬಾರದೇ ಅನ್ನಿಸ್ತಿತ್ತು."

ತಿಂದು ಉಬ್ಬುವಂಥ ಊಟ ಹಿಂದಿನ ಕೋಣೆಯಲ್ಲೇ ಬೆಳೆಯುತ್ತಿತ್ತು. ನಲವತ್ತು ದಿನ ಅದನ್ನು ಕೆಂಚವ್ವ ತನ್ನ ಕೈಯಾರೆ ಉಜ್ಜಿ ಹಾಕಿದ್ದಳು. ಇವತ್ತು ಬೆಳಿಗ್ಗೆಯಂತೂ ಎಂದೂ ಉಜ್ಜದಷ್ಟು ಉಜ್ಜಿದ್ದಳು. ಗೋಡೆಯ ಸಂದಿಯೊಂದರಲ್ಲಿ ಸಾಸಿವೆಯಷ್ಟು ಬಿಳುಪು ಉಳಿದಿತ್ತು, ಅಷ್ಟೆ.

"ಹೋಗಿ ಕೇಳೆ," ಎಂದ ಮುದ್ದಯ್ಯ.

"ನಾನೇ? ಬೂಷ್ಟನ್ನೇ? ಹುಟ್ಟಿದಾಗಿನಿಂದ ಯಾರ ಮುಂದೂ ಕೈಯೊಡ್ಡಿದವಳಲ್ಲ ನಾನು."

ಆ ದಿನ ಅವಳು ಹೋಗಲಿಲ್ಲ. ಆ ದಿನ ಮೂರು ಮಕ್ಕಳು ಸತ್ತವು. ಹಠ ಅವಳದು, ಹೋದದ್ದು ಮಕ್ಕಳು. ಇದನ್ನು ಕೆಂಚವ್ವ ಮುಂದೆಂದೂ ಮರೆಯಲಿಲ್ಲ, ಬೇರೆಯವರ ತಲೆಗೆ ಕಟ್ಟಲೂ ಇಲ್ಲ.

ಮಾರನೆಯ ಬೆಳಿಗ್ಗೆ ಹಿಂದಿನ ಕೋಣೆಗೆ ಹೋಗಿ ಸಂದಿಯ ಮುಂದೆ ಕೂತಳು.

"ಇದ್ದೀಯಾ?"

"ಇದ್ದೀನಿ," ಎಂದಿತು ಬೂಷ್ಟು. ದನಿ ಹತ್ತಿಯಷ್ಟು ಮೆತ್ತಗಿತ್ತು. "ನಲವತ್ತು ಸಲ ಉಜ್ಜಿದ ಮೇಲೂ ಇದ್ದೀನಿ. ಹಠ ನಿನಗೊಬ್ಬಳಿಗೇ ಅಂದುಕೊಂಡೆಯಾ?"

ಕೆಂಚವ್ವ ತಲೆ ತಗ್ಗಿಸಿದಳು. "ತಪ್ಪಾಯ್ತು. ನನ್ನ ಮಕ್ಕಳಿಗೆ ಮರ ಅರಗುತ್ತಿಲ್ಲ. ನಿನಗೆ ಅರಗುತ್ತದೆ. ಇಲ್ಲೇ ಇರು."

"ಇರ್ತೀನಿ. ಆದರೆ ನನಗೂ ಕಷ್ಟಗಳಿವೆ, ಕೇಳು. ನನಗೆ ಬಿಸಿಲು ಆಗದು, ಒಣಗಾಳಿ ಆಗದು. ಸದಾ ಹದವಾದ ಬಿಸಿ, ಹದವಾದ ತೇವ, ಕತ್ತಲೆ ಬೇಕು. ನಾನು ಮೆತ್ತಗೆ. ಬೇರೆ ಹಸಿರು ಬೂಷ್ಟು, ಕರಿ ಬೂಷ್ಟು ಬಂದರೆ ನನ್ನನ್ನು ನುಂಗಿಬಿಡುತ್ತವೆ. ಅದಕ್ಕೆ ಒಂದು ಮಾತು. ನಿನ್ನ ಉಜ್ಜುವ ಚಾಳಿ ಬಿಡಬೇಡ."

"ಏನಂದೆ?"

"ಚೆನ್ನಾಗಿ ಉಜ್ಜು. ಅವುಗಳನ್ನೆಲ್ಲ ಉಜ್ಜಿ ಹಾಕು. ನನ್ನನ್ನು ಮಾತ್ರ ಬಿಡು."

ಕೆಂಚವ್ವನ ಎದೆಯ ಭಾರ ಅರ್ಧ ಇಳಿಯಿತು. ಉಜ್ಜು ಎಂದವರು ಲೋಕದಲ್ಲಿ ಇದೇ ಮೊದಲು.

"ಅಷ್ಟೇ ತಾನೆ?"

"ಇನ್ನೊಂದಿದೆ," ಎಂದಿತು ಬೂಷ್ಟು. "ವರ್ಷಕ್ಕೊಂದು ಸಲ ನಾನು ಆಕಾಶ ನೋಡಬೇಕು. ನನಗೂ ಮಕ್ಕಳಿದ್ದಾರೆ, ಧೂಳಿಗಿಂತ ಸಣ್ಣವರು. ಅವರನ್ನು ಗಾಳಿಯ ಕೈಗೆ ಕೊಡಬೇಕು. ಮಳೆ ಬಿದ್ದ ಎಂಟನೇ ದಿನ ನಿನ್ನ ಸೂರು ತೂರಿಕೊಂಡು ಮೇಲೆ ಬರ್ತೀನಿ. ತಡೆಯಬಾರದು."

ಸೂರಿಗೆ ತೂತು ಬಿದ್ದರೆ ಗೊದ್ದ ಒಳಗೆ ಬರುತ್ತದೆ. ಅದು ಕೆಂಚವ್ವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ತೊಳೆದ ತಟ್ಟೆಯಂಥ ಆ ಆಕಾಶವೂ ಅವಳಿಗೆ ಗೊತ್ತಿತ್ತು.

"ಆಕಾಶ ನೋಡು," ಎಂದಳು. "ಮಾತು ಕೊಟ್ಟಿದ್ದೀನಿ."

ಅವತ್ತಿನಿಂದ ಮನೆಯ ರೀತಿಯೇ ಬದಲಾಯಿತು. ಮಕ್ಕಳು ಮರ ತಿಂದು ಬಂದು ಗುಳಿಗೆ ಹಾಕಿದರು. ಆ ಗುಳಿಗೆಗಳನ್ನು ಜೇನುರೊಟ್ಟಿನ ಹಾಗೆ ತೂತು ತೂತಾಗಿ ಜೋಡಿಸಿದರು. ಬೂಷ್ಟು ಅದರ ಮೇಲೆ ಹಬ್ಬಿ, ಗಟ್ಟಿ ನಾರನ್ನು ಹಣ್ಣಾಗಿಸಿ, ಸಣ್ಣ ಸಣ್ಣ ಬಿಳಿ ಮುತ್ತುಗಳನ್ನು ಬಿಟ್ಟಿತು. ಮಕ್ಕಳು ಮುತ್ತು ತಿಂದರು, ಹಣ್ಣಾದ ಮರವನ್ನೂ ತಿಂದರು. ಹದಿನೈದು ದಿನಕ್ಕೆ ಮೈ ತುಂಬಿಕೊಂಡವು.

ಬೂಷ್ಟಿನ ತೋಟಕ್ಕೆ ಬಿಸಿ ಹೆಚ್ಚಾಗಬಾರದು. ಅದಕ್ಕೆ ಮಕ್ಕಳು ಮೇಲೆ ಬಿಸಿ ಹೊರಹೋಗುವ ಗಾಳಿಗೂಡು ಕಟ್ಟಿದರು. ಒಂದೊಂದೇ ಬಾಯಿ ಮಣ್ಣು, ಒಂದೊಂದೇ ಬಾಯಿ ಎಂಜಲು. ಗಾಳಿಗೂಡಿನ ಮೇಲೆ ಗಾಳಿಗೂಡು ಎದ್ದು, ಮತ್ತಿಮರದ ಪಕ್ಕ ಕೆಂಪು ಹುತ್ತವೊಂದು ಬೆಳೆಯಿತು. ಒಳಗೆ ಕೆಂಚವ್ವ ದಿನಕ್ಕೆ ನೂರು, ಆಮೇಲೆ ಸಾವಿರ ಮೊಟ್ಟೆ ಇಡತೊಡಗಿದಳು. ಅವಳ ಮೈ ಬೆರಳಿನಷ್ಟು ಉದ್ದವಾಯಿತು, ಹೊಟ್ಟೆ ಬಿಗಿಯಿತು. ಮಕ್ಕಳು ಅವಳ ಸುತ್ತ ಗಟ್ಟಿ ಮಣ್ಣಿನ ಕೋಣೆ ಕಟ್ಟಿದರು. ಆ ಕೋಣೆಯ ಬಾಗಿಲಿನಿಂದ ಅವಳು ಇನ್ನೆಂದೂ ಹೊರಗೆ ಬರುವಂತಿರಲಿಲ್ಲ. ನೋಡಲು ಏನೂ ಇಲ್ಲದ ಕಣ್ಣು ಮಂಕಾಯಿತು.

ಮುದ್ದಯ್ಯನೂ ಒಳಗೇ ಉಳಿದ. "ನೀನು ಮುಂದೆ ನಡಿ ಅನ್ನೋ ಹಾಗೂ ಇಲ್ಲವಲ್ಲೇ ಈಗ," ಎಂದು ನಕ್ಕ.

ರೋಹಿಣಿ ಮಳೆ ಬಂತು. ಭೂಮಿತಾಯಿಯೂ ಬಂದಳು. ಹಿಂದೆಯೇ ನಂಜವ್ವ, ಅವಳ ಹಿಂದೆ ಅವಳ ಬಳಗ, ಮೇಲೆ ಕಾಜಾಣ.

ಮತ್ತಿಮರ ದಾರಿಗೆ ಅಡ್ಡ ಮಲಗಿಯೇ ಇತ್ತು. ತೊಗಟೆ ಹಾಗೇ, ಗಂಟು ಹಾಗೇ, ಮರಕುಟಿಗ ಕೊರೆದ ತೂತೂ ಹಾಗೇ.

"ನೋಡಿದೆಯಾ ತಾಯಿ!" ಎಂದಳು ನಂಜವ್ವ. "ಎಲ್ಲಿ ಇತ್ತೋ ಅಲ್ಲೇ ಇದೆ. ಒಂದು ಚಕ್ಕೆ ಕದಲಿಲ್ಲ. ನಾನು ಅವತ್ತೇ ಹೇಳಿರಲಿಲ್ವಾ, ಕೆಂಚವ್ವನಿಂದ ಆಗಲ್ಲ ಅಂತ?"

ಗಾಳಿಯೂ "ಆಗಲ್ಲ, ಆಗಲ್ಲ" ಎಂದಿತು.

"ಬನ್ರೋ," ಎಂದು ಬಳಗವನ್ನು ಕರೆದು, ಎಲ್ಲರಿಗೂ ಕಾಣುವಂತೆ ದಿಮ್ಮಿಯ ನಡುಮಧ್ಯಕ್ಕೆ ಹತ್ತಿ ನಿಂತಳು ನಂಜವ್ವ. "ಈ ನೆಲ ಇವತ್ತಿನಿಂದ..."

ಮಾತು ಮುಗಿಯಲಿಲ್ಲ. ಕಾಲ ಕೆಳಗೆ ತೊಗಟೆ ಹಪ್ಪಳದ ಹಾಗೆ ಮುರಿಯಿತು. ನಂಜವ್ವ ಬಳಗದ ಸಮೇತ ಒಳಕ್ಕೆ ಹೋದಳು. ಒಳಗೆ ಮರವೇ ಇರಲಿಲ್ಲ. ಮೇಲೆ ಕಾಗದದಷ್ಟು ತೆಳು ತೊಗಟೆ, ಒಳಗೆ ತುಂಬ ಮೆತ್ತನೆ ಮಣ್ಣು. ಕೆಂಚವ್ವನ ಮಕ್ಕಳು ಬಿಸಿಲಿಗೆ ಹೆದರಿ ಸೂರು ಬಿಟ್ಟು ಹೊರಗೆ ಬರುವವರಲ್ಲವಲ್ಲ. ಅದಕ್ಕೆ ಮರವನ್ನು ಒಳಗಿನಿಂದಲೇ ಮುಗಿಸಿ ತೊಗಟೆಯನ್ನೇ ಸೂರಾಗಿ ಬಿಟ್ಟಿದ್ದರು.

ಮಣ್ಣು ಮೆತ್ತಿಕೊಂಡು ಎದ್ದ ನಂಜವ್ವನನ್ನು ಕಂಡು ಕಾಜಾಣ ಕೊಂಬೆಯಿಂದ ಬೀಳುವಷ್ಟು ನಕ್ಕಿತು.

ಭೂಮಿತಾಯಿ ಆ ಮಣ್ಣಿನಲ್ಲಿ ಕೈಯಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಹುತ್ತದ ಹತ್ತಿರ ಬಾಗಿ ಕೇಳಿದಳು. "ಕೆಂಚವ್ವ, ಮಾಡಿದ್ದು ಯಾರು?"

ಒಳಗಿನಿಂದ ದನಿ ಬಂತು. "ಅರ್ಧ ನಾನು, ನನ್ನ ಮಕ್ಕಳು. ಅರ್ಧ ನನ್ನ ಮನೆಯ ಬೂಷ್ಟು." ಸ್ವಲ್ಪ ತಡೆದು, "ಬೂಷ್ಟನ್ನು ಕಂಡುಹಿಡಿದದ್ದು ನನ್ನ ಗಂಡ. ತಿಂದು ಕಂಡುಹಿಡಿದ," ಎಂದಳು.

"ನೆಲ ನಿನ್ನದು," ಎಂದಳು ಭೂಮಿತಾಯಿ.

ಅದೇ ಸಂಜೆ ಮಳೆ ನಿಂತ ಮೇಲೆ ಕೆಂಚವ್ವನ ಮಕ್ಕಳಲ್ಲಿ ರೆಕ್ಕೆ ಬಂದವರು ಹುತ್ತದಿಂದ ಹೊಗೆಯ ಹಾಗೆ ಎದ್ದು ಹಾರಿದರು. ಹಾರಿದ್ದು ಸಾವಿರ. ಕಾಜಾಣ ತಿಂದದ್ದು, ಓತಿ ತಿಂದದ್ದು, ಕಪ್ಪೆ ತಿಂದದ್ದು ಕಳೆದು ನೆಲ ಮುಟ್ಟಿದವರು ಹತ್ತಿಪ್ಪತ್ತು ಜನ. ಅವರೂ ಅವ್ವನ ಹಾಗೇ ರೆಕ್ಕೆ ಕಳಚಿ, ಒಬ್ಬಳ ಹಿಂದೆ ಒಬ್ಬ ನಡೆದು, ಬಿರುಕು ಹುಡುಕಿ ಇಳಿದರು.

ಏಳನೇ ದಿನ ನಂಜವ್ವ ಗೋಡೆಯಾಚೆ ಬಂದಳು. ಈ ಸಲ ದನಿ ತಗ್ಗಿತ್ತು. "ಏನೇ ಕೆಂಚವ್ವ, ನಾಳೆ ಸೂರಿಗೆ ತೂತು ಬೀಳುತ್ತಂತೆ? ಗಾಳಿ ಹೇಳಿತು. ನೆಲ ನಿನ್ನ ಕೈಗೆ ಬಂದಾಯ್ತಲ್ಲೇ. ಇನ್ನು ಬೂಷ್ಟಿಗೆ ಕೊಟ್ಟ ಮಾತು ಯಾವ ಲೆಕ್ಕ? ನಿನ್ನ ಜಾಗದಲ್ಲಿ ನಾನಿದ್ರೆ ಗೋಡೆ ದಪ್ಪ ಮಾಡ್ತಿದ್ದೆ."

"ಗೊತ್ತು," ಎಂದಳು ಕೆಂಚವ್ವ. "ಅದಕ್ಕೇ ನೀನು ನನ್ನ ಜಾಗದಲ್ಲಿಲ್ಲ."

ಎಂಟನೇ ದಿನ ಬೆಳಿಗ್ಗೆ ಬೂಷ್ಟಿನ ತೋಟದಿಂದ ಬಿಳಿ ದಂಟೊಂದು ಎದ್ದಿತು. ಅದರ ತಲೆ ಸೂಜಿಯ ಹಾಗೆ ಮೊನೆಯಾಗಿತ್ತು. ಮೊನೆಯಿಂದ ಮಣ್ಣು ಸೀಳುತ್ತ, ಕೋಣೆಗಳ ನಡುವೆ ದಾರಿ ಮಾಡಿಕೊಳ್ಳುತ್ತ ಮೇಲೇರಿತು. ಯಾವ ಮಗುವೂ ತಡೆಯಲಿಲ್ಲ. ಸೂರು ತೂರಿ ಹೊರಬಂದದ್ದೇ ಮೊನೆ ಬಿಚ್ಚಿ ಬಿಳಿ ಕೊಡೆಯಾಯಿತು. ಒಂದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ಹುತ್ತದ ತಲೆಯ ಮೇಲೆ ಕೊಡೆಗಳ ಸಂತೆ ನೆರೆಯಿತು.

ಕೆಂಚವ್ವ ಕೋಣೆಯಲ್ಲಿ ಮಲಗಿದ್ದಲ್ಲೇ ಕೂಗಿ ಕೇಳಿದಳು. "ಹೇಗಿದೆ ಆಕಾಶ?"

ದಂಟಿನುದ್ದಕ್ಕೂ ದನಿ ಇಳಿದು ಬಂತು. "ತೊಳೆದ ಹಾಗಿದೆ."

ಮುದ್ದಯ್ಯ ಹತ್ತಿರ ಸರಿದು ಕೂತ.

ದಂಟು ಇರುವವರೆಗೆ ತೂತಿಗೆ ಅದೇ ಬಿರಡೆ. ಮೂರನೆಯ ದಿನ ಕೊಡೆಗಳು ಬಾಡಿದವು, ದಂಟುಗಳು ಕುಗ್ಗಿದವು. ನಂಜವ್ವ ಅದಕ್ಕಾಗಿಯೇ ಕಾದಿದ್ದಳು. ಬಳಗ ನುಗ್ಗಿತು. ಕಾವಲಿಗೆಂದೇ ಹುಟ್ಟಿದ ತಲೆದಪ್ಪದ ಮಕ್ಕಳು ತೂತಿಗೆ ತಲೆ ಕೊಟ್ಟು ನಿಂತರು, ಉಳಿದವರು ಬಾಯಲ್ಲಿ ಮಣ್ಣು ತಂದು ಮೆತ್ತಿದರು. ತೂತು ಮುಚ್ಚಿತು. ಮುಚ್ಚುವಾಗ ಹೊರಗಡೆ ಉಳಿದ ಐವರು ಮಕ್ಕಳು ತಿರುಗಿ ಬರಲಿಲ್ಲ.

ಕೆಲವು ದಿನ ಕಳೆದ ಮೇಲೆ ಗಾಳಿ ಹುತ್ತದ ಬಳಿ ಸುಳಿಯಿತು. ಈ ಸಲ ಅದರ ಬಾಯಲ್ಲಿ ಬೇರೆ ಮಾತು. "ಕೆಂಚವ್ವ, ಆಚೆ ಹೊನ್ನೆಮರದ ಬುಡದಲ್ಲಿ ನಿನ್ನ ಮಗಳೊಬ್ಬಳು ಮನೆ ಮಾಡಿದ್ದಾಳೆ. ಅವಳ ಮೊದಲ ಮಕ್ಕಳು ಮರಕ್ಕೆ ಹೋಗಿ ಬರುವಾಗ ಕಾಲಿಗೆ ಬಿಳಿ ಹುಡಿ ಮೆತ್ತಿಕೊಂಡು ಬಂದವು. ನಿನ್ನ ಹುತ್ತದ ಮೇಲಿನ ಕೊಡೆಯಿಂದ ನಾನೇ ಹೊತ್ತು ಹಾಕಿದ್ದು. ಹಿಂದಿನ ಕೋಣೆಯಲ್ಲಿ ಬೂಷ್ಟು ಹಿಡಿದಿದೆಯಂತೆ."

"ಉಜ್ಜಿ ಹಾಕಿದಳೇ?" ಎಂದು ಗಾಬರಿಯಾಗಿ ಕೇಳಿದಳು ಕೆಂಚವ್ವ.

"ಇಲ್ಲ. ನಮ್ಮವ್ವ ಹೇಳಿಕೊಟ್ಟಿದ್ದಾಳೆ ಅಂದಳು."

ಅವತ್ತಿನಿಂದ ಬಿದ್ದ ಮರ ಮಣ್ಣಾಗುತ್ತದೆ, ಆ ಮಣ್ಣಿನಲ್ಲಿ ಬೀಜ ಬೇರು ಬಿಡುತ್ತದೆ. ಅವತ್ತಿನಿಂದ ಮುಂಗಾರಿನಲ್ಲಿ ಹುತ್ತದ ಮೇಲೆ ಅಣಬೆ ಏಳುತ್ತದೆ. ಕೀಳಲು ಹೋದ ಮಕ್ಕಳಿಗೆ ಹಿರಿಯರು, ದಂಟು ಮುರಿದುಕೊಳ್ಳಿ, ಹುತ್ತ ಕೆದಕಬೇಡಿ, ನಾಲ್ಕು ಕೊಡೆ ಗಾಳಿಗೆ ಬಿಡಿ ಎಂದು ಹೇಳುತ್ತಾರೆ. ಜನ ಅದನ್ನು ಹಾವಿನ ಹುತ್ತ ಎನ್ನುತ್ತಾರೆ. ಅನ್ನಲಿ. ಹಾವು ಆ ಮನೆಗೆ ಒಂದು ಬಾಯಿ ಮಣ್ಣು ಹೊತ್ತಿಲ್ಲ.

ಮನೆ ಕೆಂಚವ್ವನದು. ಆಳೆತ್ತರದ ಹುತ್ತ, ಅದರೊಳಗೆ ಸಾವಿರ ಕೋಣೆ, ಬಿಸಿಲಿಗೂ ಚಳಿಗೂ ಬದಲಾಗದ ಒಂದು ತೋಟ, ಸುತ್ತ ಬಿದ್ದ ಮರವೆಲ್ಲ ಅವಳ ಹೊಲ. ಕೊಟ್ಟದ್ದು, ಹಾರಿಹೋದವರನ್ನು ಬಿಟ್ಟು, ಹದಿನೇಳು ಮಕ್ಕಳು, ಕಣ್ಣಿನ ಬೆಳಕು, ಒಂದು ಸಂಜೆಯ ಆಕಾಶ. ಮತ್ತೆ ಎಲ್ಲಕ್ಕಿಂತ ಮೊದಲು ಕೊಟ್ಟದ್ದನ್ನು ನೀನೇ ನೋಡಬಹುದು ಮಗು. ಮೊದಲ ಮಳೆಯ ಮಾರನೆಯ ಬೆಳಿಗ್ಗೆ ನಿಮ್ಮ ಮನೆಯ ಹೊಸ್ತಿಲ ಬಳಿ ತೆಳ್ಳಗಿನ ರೆಕ್ಕೆಗಳು ರಾಶಿ ಬಿದ್ದಿರುತ್ತವಲ್ಲ, ಪೊರಕೆ ಹಿಡಿಯುವ ಮುಂಚೆ ಒಂದು ಸಲ ಎಣಿಸು: ಒಬ್ಬೊಬ್ಬ ಕೆಂಚವ್ವನಿಗೆ ನಾಲ್ಕು.